ಮನೆಯಲ್ಲಿ ಗೊತ್ತಾಗದ ಹಾಗೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಪಾಲಕರ ಸಭೆಗಳಲ್ಲೂ ನನಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ: 'ಮಗನ ಫೋನಿಗೆ ಯಾವ ಆ್ಯಪ್ ಹಾಕಿದರೆ ನಾವು ನೆಮ್ಮದಿಯಾಗಿರಬಹುದು?' ಮಗಳ ವಿಷಯವಾದರೆ ಧಾಟಿ ಬದಲಾಗುತ್ತದೆ: 'ಅವಳಿಗೆ ಫೋನ್ ಕೊಡಲೇಬೇಕಾ?' ಮೊದಲನೆಯದಕ್ಕೆ ಒಂದು ಸಾಲಿನ ಉತ್ತರ ಕೊಟ್ಟು ಮುಗಿಸಿಬಿಡಬಹುದು. ಗೂಗಲ್‌ನ ಫ್ಯಾಮಿಲಿ ಲಿಂಕ್ ಪುಕ್ಕಟೆ ಸಿಗುತ್ತದೆ, ಯಾವ ಆ್ಯಪ್ ಎಷ್ಟು ಹೊತ್ತು ಅನ್ನುವುದನ್ನು ಅದರಲ್ಲಿ ಗೊತ್ತುಮಾಡಬಹುದು. ಇನ್‌ಸ್ಟಾಗ್ರಾಮ್ ಈಗ ಹದಿನೆಂಟು ತುಂಬದವರ ಖಾತೆಯನ್ನು ತಾನಾಗಿಯೇ ಪ್ರೈವೇಟ್ ಮಾಡಿಡುತ್ತದೆ. ಆದರೆ ಅದೆಲ್ಲ ಹುಟ್ಟಿದ ದಿನಾಂಕ ನಿಜ ಹೇಳಿದವರಿಗೆ. ನಮ್ಮ ಹೈಸ್ಕೂಲುಗಳಲ್ಲಿ 2000ನೇ ಇಸವಿಯ ಜನವರಿ 1ರಂದು ಹುಟ್ಟಿದ ಮಕ್ಕಳಿಗೇನೂ ಬರವಿಲ್ಲ. ಅಲ್ಲದೆ ಹೆಚ್ಚಿನ ಮನೆಗಳಲ್ಲಿ ಮಗುವಿನದೇ ಆದ ಫೋನು ಅಂತ ಒಂದಿರುವುದಿಲ್ಲ. ಅಪ್ಪನದ್ದೋ ಅಮ್ಮನದ್ದೋ ಫೋನು ಸಂಜೆ ಹೊತ್ತು ಮಗುವಿನ ಕೈಗೆ ಬರುತ್ತದೆ. ಫೋನ್‌ಪೇ, ಬ್ಯಾಂಕಿನ ಒಟಿಪಿ, ಮನೆಪಾಠದ ವಾಟ್ಸ್‌ಆ್ಯಪ್ ಗ್ರೂಪು, ಚಿಕ್ಕಪ್ಪ ಕಳಿಸಿದ ಫಾರ್ವರ್ಡು ಎಲ್ಲವೂ ಅದರೊಳಗೇ. ಇದಕ್ಕೆ ಯಾವ ಬೀಗ ಹಾಕುತ್ತೀರಿ?

ಈ ಫೋನನ್ನು ಮಕ್ಕಳ ಕೈಗೆ ಕೊಟ್ಟವರು ನಾವೇ ಅನ್ನುವುದನ್ನೂ ಮರೆಯಬಾರದು. 2020ರಲ್ಲಿ ಶಾಲೆಯೇ ಫೋನಿನೊಳಗೆ ಹೋಗಿ ಕುಳಿತಿತ್ತು. ಆ ಜೂನ್‌ನಲ್ಲಿ ರಾಜ್ಯ ಸರ್ಕಾರ ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡ ಅಂದಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಶಾಲೆ ಮತ್ತೆ ತೆರೆದ ಮೇಲೆ ಪಾಠ ಕೋಣೆಗೆ ವಾಪಸ್ಸಾಯಿತು, ಫೋನು ಮಾತ್ರ ಮಕ್ಕಳ ಹತ್ತಿರವೇ ಉಳಿಯಿತು. ಹಳ್ಳಿಗಾಡಿನ ಮಕ್ಕಳ ಓದಿನ ಮಟ್ಟವನ್ನು ಅಳೆಯುವ 'ಅಸರ್' ವರದಿ 2024ರಲ್ಲಿ 14ರಿಂದ 16 ವರ್ಷದವರ ಫೋನ್ ಬಳಕೆಯನ್ನೂ ನೋಡಿತು. ಗ್ರಾಮೀಣ ಭಾರತದ ಈ ವಯಸ್ಸಿನ ನೂರರಲ್ಲಿ 82 ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರ ಅದನ್ನು ಓದಿನ ಕೆಲಸಕ್ಕೆ ಬಳಸಿದವರು ಅವರಲ್ಲಿ ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಪತ್ರಿಕೆಗಳ ತಲೆಬರಹಕ್ಕೆ ಸಿಕ್ಕಿದ್ದು ಈ ಸಂಖ್ಯೆ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು: ಸೋಷಿಯಲ್ ಮೀಡಿಯಾ ಬಳಸುವ ಈ ಮಕ್ಕಳಲ್ಲಿ ಶೇ 62ರಷ್ಟು ಮಂದಿಗೆ ಒಂದು ಪ್ರೊಫೈಲನ್ನು ಬ್ಲಾಕ್ ಮಾಡುವುದು, ರಿಪೋರ್ಟ್ ಮಾಡುವುದು ಗೊತ್ತಿತ್ತು. ಖಾತೆಯನ್ನು ಪ್ರೈವೇಟ್ ಮಾಡುವುದು ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಗೊತ್ತಿತ್ತು. ಇದೇ ಪ್ರಶ್ನೆಗಳನ್ನು ಆ ಮಕ್ಕಳ ಅಪ್ಪ ಅಮ್ಮಂದಿರಿಗೋ ಮೇಷ್ಟ್ರುಗಳಿಗೋ ಕೇಳಿದ್ದರೆ ಫಲಿತಾಂಶ ಹೇಗಿರುತ್ತಿತ್ತೋ!

ಅಂದರೆ ಯಾವ ಬಟನ್ ಎಲ್ಲಿದೆ ಅನ್ನುವುದು ಮಕ್ಕಳಿಗೆ ನಾವು ಕಲಿಸಬೇಕಾದ ಪಾಠವಲ್ಲ. ಹಾಗಾದರೆ ಯಾವುದು? ಒಂದು ತಾಲ್ಲೂಕು ಕೇಂದ್ರದ ಹೈಸ್ಕೂಲಿನಲ್ಲಿ ಮಾತಾಡಲು ಕರೆದಿದ್ದರು. ಭಾಷಣದ ಬದಲು ಒಂಬತ್ತು ಹತ್ತನೇ ತರಗತಿಯ ಮಕ್ಕಳಿಗೆ ಚೀಟಿ ಹಂಚಿ, ಹೆಸರು ಬರೆಯದೆ ನಿಮ್ಮ ಪ್ರಶ್ನೆ ಬರೆದು ಡಬ್ಬಿಗೆ ಹಾಕಿ ಅಂದೆ. ಬಿಸಿಯೂಟದ ಹೊತ್ತಿಗೆ ಸೀಮೆಸುಣ್ಣದ ಡಬ್ಬಿ ತುಂಬಿತ್ತು. 'ನನ್ನ ಡಿಪಿ ಫೋಟೊ ತೆಗೆದು ಯಾರೋ ಬೇರೆ ಐಡಿ ಮಾಡಿದ್ದಾರೆ, ಮನೆಯಲ್ಲಿ ಗೊತ್ತಾಗದ ಹಾಗೆ ತೆಗೆಸುವುದು ಹೇಗೆ?' 'ಗೇಮಿನಲ್ಲಿ ಅಪ್ಪನ ದುಡ್ಡು ಹೋಗಿದೆ, ಅಪ್ಪನಿಗೆ ಮೆಸೇಜ್ ಹೋಗದ ಹಾಗೆ ವಾಪಸ್ ಬರುತ್ತಾ?' 'ಒಬ್ಬ ಅಣ್ಣ ದಿನಾ ಫೋಟೊ ಕಳಿಸು ಅಂತಾನೆ, ಬ್ಲಾಕ್ ಮಾಡಿದರೆ ಅಮ್ಮನಿಗೆ ಹೇಳ್ತೀನಿ ಅಂತಾನೆ.' ಕೈಬರಹ ಬೇರೆ, ಸಂಕಟ ಬೇರೆ, ಆದರೆ ಒಂದಾದ ಮೇಲೊಂದು ಚೀಟಿಯಲ್ಲಿ ಆ ಒಂದು ಮಾತು ಬಂದೇ ಬರುತ್ತಿತ್ತು: ಮನೆಯಲ್ಲಿ ಗೊತ್ತಾಗದ ಹಾಗೆ. ಆ ಮಕ್ಕಳು ಆಗಂತುಕನಿಗಿಂತ ಹೆಚ್ಚು ಹೆದರುತ್ತಿದ್ದದ್ದು ಮನೆಯವರಿಗೆ. ಕಾರ್ಯಕ್ರಮ ಮುಗಿದ ಮೇಲೆ ಶಿಕ್ಷಕರೊಬ್ಬರು ಮೆಲ್ಲಗೆ ಬಂದು, 'ಮೇಡಂ, ಆ ಚೀಟಿಗಳನ್ನ ನಮಗೆ ಕೊಡಿ, ಯಾರ ಅಕ್ಷರ ಅಂತ ನಮಗೆ ಗೊತ್ತಾಗುತ್ತೆ' ಅಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಕಾಳಜಿಯಿಂದಲೇ ಕೇಳಿದ್ದು. ನಾನು ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡೆ.

ಬ್ಲ್ಯಾಕ್‌ಮೇಲ್ ಮಾಡುವವನ ದಂಧೆ ನಿಂತಿರುವುದು ಈ ಹೆದರಿಕೆಯ ಮೇಲೆಯೇ. ಅವನ ಕೆಲಸದ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಚೆಂದದ ಮುಖವಿರುವ ಪ್ರೊಫೈಲಿನಿಂದ ಫಾಲೋ ರಿಕ್ವೆಸ್ಟ್ ಬರುತ್ತದೆ, ನಾಲ್ಕು ದಿನ ಕಷ್ಟಸುಖದ ಮಾತಾಗುತ್ತದೆ, ಮಾತು ವಾಟ್ಸ್‌ಆ್ಯಪ್‌ಗೆ ದಾಟುತ್ತದೆ, ಒಂದು ವಿಡಿಯೊ ಕಾಲ್ ಬರುತ್ತದೆ. ಆ ಕರೆ ರೆಕಾರ್ಡ್ ಆಗಿರುತ್ತದೆ. ಈಗಂತೂ ಕರೆಯೂ ಬೇಕಿಲ್ಲ, ಸಮವಸ್ತ್ರದಲ್ಲಿ ನಿಂತ ಒಂದು ಫೋಟೊ ಸಿಕ್ಕಿದರೆ ಸಾಕು, ಉಳಿದದ್ದನ್ನು ಎಐ ಟೂಲುಗಳು ಹೆಣೆದು ಕೊಡುತ್ತವೆ. ಆಮೇಲೆ ಅವನು ಕಳಿಸುವುದು ಮಗುವಿನ ಫಾಲೋವರ್‌ಗಳ ಪಟ್ಟಿಯ ಸ್ಕ್ರೀನ್‌ಶಾಟ್. ಅದರಲ್ಲಿ ಅತ್ತೆಯ ಮಗ ಇರುತ್ತಾನೆ, ಟ್ಯೂಷನ್ ಮೇಷ್ಟ್ರು ಇರುತ್ತಾರೆ. 'ಇವರಿಗೆಲ್ಲ ಕಳಿಸಲಾ? ನಿಮ್ಮಪ್ಪನ ನಂಬರೂ ಇದೆ.' ಅಪ್ಪ ಏನು ಮಾಡುತ್ತಾನೆ ಅನ್ನುವ ಭಯವೇ ಅವನ ಬಂಡವಾಳ. ಮಗು ಧೈರ್ಯವಾಗಿ ಹೋಗಿ ಅಪ್ಪನಿಗೆ ಮೊದಲೇ ಹೇಳಿಬಿಟ್ಟರೆ ಅವನ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ.

ಹುಡುಗರ ಮನೆಯಲ್ಲಿ ಸಾಮಾನ್ಯವಾಗಿ ಎರಡೇಟು ಬೀಳುತ್ತವೆ, ವಾರದ ಮಟ್ಟಿಗೆ ಫೋನು ಬೀರು ಸೇರುತ್ತದೆ. ಹುಡುಗಿಯರ ಲೆಕ್ಕ ಬೇರೆ. ಯಾರೋ ಕಿಡಿಗೇಡಿ ಅವಳ ಫೋಟೊ ತಿದ್ದಿದ್ದಕ್ಕೆ ಅವಳ ಫೋನು ಹೋಗುತ್ತದೆ, ಆಮೇಲೆ ಟ್ಯೂಷನ್ ನಿಲ್ಲುತ್ತದೆ, ಪಿಯುಸಿಗೆ ಪಟ್ಟಣದ ಕಾಲೇಜು ಬೇಡ ಅನ್ನುವ ಮಾತು ಬರುತ್ತದೆ, ಮನೆಗೆ ಜಾತಕಗಳು ಬರತೊಡಗುತ್ತವೆ. ಇದನ್ನು ಪಕ್ಕದ ಮನೆಯಲ್ಲಿ ಕಂಡ ಹುಡುಗಿ ತನ್ನ ಸರದಿ ಬಂದಾಗ ಬಾಯಿ ಬಿಡುವುದಿಲ್ಲ. ಹೇಳದೆ ಇದ್ದದ್ದಕ್ಕೆ ನಾವು ಅವಳನ್ನೇ ಬೈಯುತ್ತೇವೆ. 'ಅಪರಿಚಿತರೊಂದಿಗೆ ಚಾಟ್ ಮಾಡಬೇಡಿ' ಅಂತ ಶಾಲೆಯ ಗೋಡೆಯ ಮೇಲೆ ಎಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿದರೂ ಇದು ಬದಲಾಗುವುದಿಲ್ಲ. ಇಂಟರ್‌ನೆಟ್ ಸುರಕ್ಷತೆಯ ಮೊದಲ ತರಗತಿಗೆ ಕುಳಿತುಕೊಳ್ಳಬೇಕಾದವರು ಅಪ್ಪ ಅಮ್ಮಂದಿರು ಅಂತ ನಾನು ಹೇಳುವುದು ಇದಕ್ಕೇ. ಅವರು ಕಲಿಯಬೇಕಾದದ್ದೂ ಹೆಚ್ಚಿಲ್ಲ. ಮಗು ಬಂದು ಹೇಳಿದಾಗ ಮೊದಲ ಐದು ನಿಮಿಷ ಫೋನ್ ಕಿತ್ತುಕೊಳ್ಳದಿರುವುದು, 'ನೀನ್ಯಾಕೆ ಅಲ್ಲಿಗೆ ಹೋದೆ' ಅಂತ ಕೇಳದಿರುವುದು.

ಆ ಐದು ನಿಮಿಷದ ನಂತರ ಮಾಡುವ ಕೆಲಸ ಬಹಳ ಇದೆ. ದುಡ್ಡು ಕೊಡಬಾರದು, ಒಮ್ಮೆ ಕೊಟ್ಟವರನ್ನು ಬ್ಲ್ಯಾಕ್‌ಮೇಲ್ ಮಾಡುವವನು ಬಿಡುವುದಿಲ್ಲ. ಬೆದರಿಕೆಯ ಮೆಸೇಜುಗಳನ್ನು ಅಳಿಸಬಾರದು. ನಂಬರ್, ಪ್ರೊಫೈಲಿನ ಲಿಂಕ್, ತಾರೀಕು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಬೇಕು. ಚಿತ್ರವನ್ನು ಮಾತ್ರ 'ನೋಡಿ ಸರ್' ಅಂತ ಯಾರಿಗೂ ಫಾರ್ವರ್ಡ್ ಮಾಡಕೂಡದು. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ ತಡೆಹಿಡಿಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ. ಮಗು ಸಂಕಟದಲ್ಲಿದ್ದರೆ 1098. ಕೇಂದ್ರ ಗೃಹ ಇಲಾಖೆಯ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ಮಕ್ಕಳ ಮೇಲಿನ ಇಂಥ ಅಪರಾಧಗಳನ್ನು ಹೆಸರು ಹೇಳದೆಯೂ ದಾಖಲಿಸಬಹುದು. ಇನ್ನು ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುವ 'ಟೇಕ್ ಇಟ್ ಡೌನ್' ಅನ್ನುವ ಪುಕ್ಕಟೆ ಸೇವೆಯ ಬಗ್ಗೆ ನಮ್ಮ ಶಾಲೆಗಳಲ್ಲಿ ಕೇಳಿದವರೇ ಕಡಿಮೆ. ಅಲ್ಲಿ ಮಗು ತನ್ನ ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ. ಫೋನಿನೊಳಗೇ ಆ ಚಿತ್ರದ ಡಿಜಿಟಲ್ ಬೆರಳಚ್ಚು ತಯಾರಾಗುತ್ತದೆ, ಹೊರಗೆ ಹೋಗುವುದು ಆ ಅಂಕಿಗಳ ಸಾಲು ಮಾತ್ರ. ಇದರಲ್ಲಿ ಸೇರಿಕೊಂಡ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಕಂಪನಿಗಳು ಅದೇ ಬೆರಳಚ್ಚಿನ ಚಿತ್ರ ತಮ್ಮಲ್ಲಿ ಕಂಡರೆ ತೆಗೆದುಹಾಕಬಹುದು.

'ಸ್ಟೇಷನ್ ಮೆಟ್ಟಿಲು ಹತ್ತುವುದಾ?' ಅನ್ನುವುದು ಪಾಲಕರ ಇನ್ನೊಂದು ಭಯ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಈಗ ಜಿಲ್ಲೆಗಳಲ್ಲೂ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆಗಳಿವೆ. 2012ರ ಪೋಕ್ಸೊ ಕಾಯ್ದೆಯನ್ನು ಓದಿದವರಿಗೆ ಗೊತ್ತು, ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ ಪಡೆಯಬೇಕು, ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು, ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ, ಮಗುವಿನ ಗುರುತು ಪತ್ರಿಕೆಗಳಲ್ಲಿ ಬರುವಂತಿಲ್ಲ. ಪ್ರತಿ ಠಾಣೆಯಲ್ಲೂ ಇದು ಅಕ್ಷರಶಃ ನಡೆಯುತ್ತದೆ ಅಂತ ನಾನು ಹೇಳಲಾರೆ. ಆದರೆ ಕೇಳುವ ಹಕ್ಕು ನಮಗಿದೆ, ಕೇಳಬೇಕಾದರೆ ಗೊತ್ತಿರಬೇಕು. ಕಾನೂನಿನ ಇನ್ನೊಂದು ಮಗ್ಗುಲನ್ನು ಹುಡುಗರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಸಹಪಾಠಿಯೊಬ್ಬಳ ಅಶ್ಲೀಲ ಚಿತ್ರವನ್ನು ತಮಾಷೆಗೆಂದು ಗ್ರೂಪಿಗೆ ಹಾಕಿದರೂ ಅದು ಐಟಿ ಕಾಯ್ದೆಯ 67ಬಿ ಸೆಕ್ಷನ್ ವ್ಯಾಪ್ತಿಗೆ ಬರುತ್ತದೆ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ಬರೆದಿಟ್ಟಿರುವ ಸೆಕ್ಷನ್ ಅದು. ಹದಿನೆಂಟು ತುಂಬದ ಹುಡುಗನ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ ನಿಜ, ಹೋಗುವುದಂತೂ ಹೋಗುತ್ತದೆ. ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಗುಸುಗುಸು ನಿಲ್ಲುವುದನ್ನು ನಾನು ಕಂಡಿದ್ದೇನೆ.

ಹೆದರಿಕೆಯ ಮಾತು ಇಷ್ಟು ಸಾಕು. ಮಕ್ಕಳಿಗೆ ನಿಜಕ್ಕೂ ಖುಷಿ ಕೊಡುವ ಪಾಠ ಬೇರೊಂದಿದೆ. ಜೂನ್, ಜುಲೈ ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ 'ಎಲ್ಲ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್', 'ಸ್ಕಾಲರ್‌ಶಿಪ್‌ಗೆ ಇಂದೇ ಕೊನೆಯ ದಿನ' ಅನ್ನುವ ಲಿಂಕುಗಳು ಸುರಿಯುತ್ತವೆ. ಬೋರ್ಡಿನ ಮೇಲೆ ನಾನು ಎರಡು ವಿಳಾಸ ಬರೆಯುತ್ತೇನೆ. ಒಂದು, ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನದು: ಎಸ್‌ಎಸ್‌ಪಿ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ಇನ್ನೊಂದು ನಾನೇ ಕಟ್ಟಿದ್ದು: ಎಸ್‌ಎಸ್‌ಪಿ-ಕರ್ನಾಟಕ-ಜಿಒವಿ ಡಾಟ್ ಫ್ರೀಫಾರ್ಮ್ ಡಾಟ್ ಎಕ್ಸ್‌ವೈಝಡ್. ಯಾವುದು ಸರ್ಕಾರದ್ದು ಅಂದರೆ ಅರ್ಧ ತರಗತಿ ಎರಡೂ ಅನ್ನುತ್ತದೆ. ಆಗ ಅಂಚೆಯ ವಿಳಾಸ ನೆನಪಿಸುತ್ತೇನೆ. ಮನೆಗೆ 'ವಿಧಾನಸೌಧ' ಅಂತ ಬೇಕಾದರೂ ಹೆಸರಿಡಬಹುದು, ಆದರೆ ಕೆಳಗೆ ತಾಲ್ಲೂಕು ಹೊಸಕೋಟೆ ಅಂತಿದ್ದರೆ ಮನೆ ಇರುವುದು ಹೊಸಕೋಟೆಯಲ್ಲೇ. ವೆಬ್ ವಿಳಾಸವನ್ನೂ ಕೊನೆಯಿಂದ ಓದಬೇಕು. 'ಎಚ್‌ಟಿಟಿಪಿಎಸ್' ಆದ ಮೇಲೆ ಬರುವ ಜೋಡಿ ಗೆರೆ ಬಿಟ್ಟು, ಮುಂದೆ ಸಿಗುವ ಮೊದಲ ಒಂಟಿ ಓರೆಗೆರೆಯ ಹತ್ತಿರ ನಿಂತು ಎಡಕ್ಕೆ ನೋಡಬೇಕು. ಅಲ್ಲಿ 'ಜಿಒವಿ ಡಾಟ್ ಇನ್' ಇದ್ದರೆ ಸರ್ಕಾರದ್ದು, ಆ ಹೆಸರು ಖಾಸಗಿಯವರಿಗೆ ಸಿಗುವುದಿಲ್ಲ. 'ಎಕ್ಸ್‌ವೈಝಡ್' ಇದ್ದರೆ ಅದರ ಎಡಕ್ಕೆ ಎಷ್ಟು ಸಲ ಕರ್ನಾಟಕ ಅಂತ ಬರೆದುಕೊಂಡಿದ್ದರೂ ಅಷ್ಟೇ. ಮರುಕ್ಷಣ ಮಕ್ಕಳು ಅವರವರೇ ಕಳ್ಳ ವಿಳಾಸ ಕಟ್ಟಿ ಒಬ್ಬರನ್ನೊಬ್ಬರು ಪರೀಕ್ಷಿಸತೊಡಗುತ್ತಾರೆ. ಒಮ್ಮೆ ಒಬ್ಬ ಹುಡುಗ ಎದ್ದು, 'ಮೇಡಂ, ಚಿಕ್ಕ ಲಿಂಕ್ ಬಂದ್ರೆ? ಅದರಲ್ಲಿ ಊರೇ ಇರಲ್ವಲ್ಲ' ಅಂದ. ಸರಿಯಾದ ಪ್ರಶ್ನೆ. ಬಿಟ್‌ಲಿಯಂಥ ಮೊಟಕು ಲಿಂಕಿನಲ್ಲಿ ನಿಜವಾದ ವಿಳಾಸ ಕಾಣುವುದಿಲ್ಲ. ಅದನ್ನು ಒತ್ತದೆ, ನಮಗೆ ಗೊತ್ತಿರುವ ವಿಳಾಸವನ್ನು ನಾವೇ ಟೈಪ್ ಮಾಡಿ ಹೋಗುವುದು ಕ್ಷೇಮ. ಯುಪಿಐ ವಿಷಯ ಒಂದೇ ವಾಕ್ಯದ್ದು: ಪಿನ್ ಒತ್ತುವುದು ದುಡ್ಡು ಕೊಡುವಾಗ, ಪಡೆಯಲು ಪಿನ್ ಬೇಕಿಲ್ಲ. ಇದನ್ನು ಮಕ್ಕಳು ಮನೆಗೆ ಹೋಗಿ ಅಜ್ಜನಿಗೆ ಹೇಳಿದರೆ ಊರಿಗೇ ಲಾಭ.

ಇಷ್ಟೆಲ್ಲ ತನ್ನನ್ನು ಉಳಿಸಿಕೊಳ್ಳುವ ಮಾತಾಯಿತು. ಬೇರೆಯವರಿಗೆ ತನ್ನಿಂದ ಕೇಡಾಗದಂತೆ ನೋಡಿಕೊಳ್ಳುವ ಅರ್ಧವನ್ನು ನಮ್ಮ ಶಾಲೆಗಳು ಹೆಚ್ಚಾಗಿ ಬಿಟ್ಟೇಬಿಡುತ್ತವೆ. ಅದಕ್ಕೆ ದೂರದ ಉದಾಹರಣೆ ಬೇಕಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುದ್ದಿ ದೇಶದ ಉದ್ದಗಲಕ್ಕೂ ಹರಿದಾಡಿತು. ಅದರ ಜೊತೆಗೆ ಓಡಾಡಿದ ಒಂದು ವಿಡಿಯೊದಲ್ಲಿ ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿಸಿದ ಕಿರುಚಿತ್ರ. ಕೊನೆಯಲ್ಲಿ ಆ ಇಬ್ಬರೂ ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿದು ನಿಲ್ಲುತ್ತಾರೆ. ಆ ಕೊನೆಯ ತುಣುಕನ್ನು ಯಾರೋ ಕತ್ತರಿಸಿದ್ದರು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಸತ್ತವನು ಹೈದರಾಬಾದಿನ ಎಂಜಿನಿಯರ್. ಸ್ನೇಹಿತರೊಂದಿಗೆ ಬಂದಿದ್ದ, ದಾರಿಯಲ್ಲಿ ಶಾಲೆಯ ಹತ್ತಿರ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಜನ ಅವರ ಮೇಲೆ ಅನುಮಾನಪಟ್ಟರು, ಅವರ ವಿಡಿಯೊ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಯಿತು. ಕಾರು ಹೊರಟಿತ್ತು, ಆದರೆ ಅದಕ್ಕಿಂತ ಮುಂಚೆ ವಿಡಿಯೊ ಮುರ್ಕಿ ತಲುಪಿತ್ತು, ಜನ ರಸ್ತೆ ಅಡ್ಡಗಟ್ಟಿ ನಿಂತಿದ್ದರು. ಬಿಡಿಸಲು ಬಂದ ಪೊಲೀಸರಿಗೂ ಗಾಯಗಳಾದವು. ಬಂಧಿತರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ. ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅನ್ನುವ ಮಿತಿ ಹೇರಿದ್ದು ಅದೇ ತಿಂಗಳು.

ಈ ಘಟನೆಯನ್ನು ನಾನು ತರಗತಿಯಲ್ಲಿ ಹೇಳುವಾಗ ಕೊಲೆಯ ವಿವರಕ್ಕೆ ಹೋಗುವುದಿಲ್ಲ, ವಿಡಿಯೊದ ಪ್ರಯಾಣವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಮೊದಲು ಯಾರು ತೆಗೆದರು, ಯಾವ ಊರಿನಿಂದ ಯಾವ ಊರಿಗೆ ಹೋಯಿತು, ನೋಡಿದವರಲ್ಲಿ ಯಾರಾದರೂ ಒಬ್ಬರು ಒಂದು ಫೋನ್ ಮಾಡಿ ಕೇಳಿದ್ದರೆ ಎಲ್ಲಿ ನಿಲ್ಲುತ್ತಿತ್ತು. ಮಕ್ಕಳೇ ಎದ್ದು ಬಂದು ಆ ಜಾಗಕ್ಕೆ ಗುರುತು ಹಾಕುತ್ತಾರೆ. ಸಮಾಜ ವಿಜ್ಞಾನದ ಪೌರನೀತಿ ಪಾಠದಲ್ಲಿ ಇದಕ್ಕೆ ಒಂದು ಪೀರಿಯಡ್ ಕೊಟ್ಟರೆ ಕಂಪ್ಯೂಟರ್ ಲ್ಯಾಬ್ ಇಲ್ಲದ ಶಾಲೆಯಲ್ಲೂ ಇಂಟರ್‌ನೆಟ್ ಪಾಠ ನಡೆಯುತ್ತದೆ.

ಆಸ್ಟ್ರೇಲಿಯಾ ಮಾಡಿದ ಹಾಗೆ ಹದಿನಾರರವರೆಗೆ ಸೋಷಿಯಲ್ ಮೀಡಿಯಾವನ್ನೇ ನಿಷೇಧಿಸಿದರಾಯಿತಲ್ಲ ಅನ್ನುವವರಿದ್ದಾರೆ. ನಾನು ಅದಕ್ಕೆ ಕಟ್ಟಾ ವಿರೋಧಿಯಲ್ಲ, ಕಂಪನಿಗಳ ಮೇಲೆ ಹೊಣೆ ಹೊರಿಸುವುದು ಒಳ್ಳೆಯದೇ. ಆದರೆ ಮನೆಮಂದಿಗೆಲ್ಲ ಒಂದೇ ಫೋನಿರುವ ನಮ್ಮಲ್ಲಿ ಅಮ್ಮನ ಖಾತೆಯಿಂದ ರೀಲ್ಸ್ ನೋಡುವ ಮಗುವನ್ನು ಯಾವ ಕಾನೂನು ಹಿಡಿಯುತ್ತದೆ? ನಿಷೇಧವಿದ್ದಾಗ ತೊಂದರೆಗೆ ಸಿಕ್ಕಿದ ಮಗು 'ನಾನು ಅಲ್ಲಿರಲೇಬಾರದಿತ್ತು' ಅಂತ ಇನ್ನಷ್ಟು ಮುಚ್ಚಿಡುತ್ತದೆಯೇನೋ ಅನ್ನುವ ಅನುಮಾನವೂ ನನಗಿದೆ. ಇನ್ನು ಊಟ ನಿದ್ದೆ ಬಿಟ್ಟು ಫೋನಿಗೆ ಅಂಟಿಕೊಂಡ ಮಕ್ಕಳ ಮಾತು ಬೇರೆ. ಅದು ಬುದ್ಧಿಮಾತಿಗೆ ಬಗ್ಗುವುದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ, ಅಲ್ಲಿಗೆ ಹೋಗಲು ನಾಚಿಕೆ ಪಡಬೇಕಾಗಿಲ್ಲ.

ಕೊನೆಗೆ ಶಾಲೆಗಳ ಬಗ್ಗೆ ಒಂದು ತಕರಾರು. ಫೋಟೊ ಹಂಚಬೇಡಿ, ನಂಬರ್ ಕೊಡಬೇಡಿ ಅಂತ ಬೆಳಗಿನ ಪ್ರಾರ್ಥನೆಯಲ್ಲಿ ಹೇಳುವ ಶಾಲೆಯೇ ಸಂಜೆ ಪ್ರತಿಭಾ ಕಾರಂಜಿಯ ಫೋಟೊಗಳನ್ನು ಹೆಸರು, ತರಗತಿ, ಊರಿನ ಸಮೇತ ಎಲ್ಲರೂ ನೋಡಬಹುದಾದ ಫೇಸ್‌ಬುಕ್ ಪುಟಕ್ಕೆ ಹಾಕುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಅಂಕ ಪಡೆದ ಹುಡುಗಿಯ ಮುಖ ಬಸ್ ನಿಲ್ದಾಣದ ಫ್ಲೆಕ್ಸಿನಲ್ಲಿ ತಿಂಗಳುಗಟ್ಟಲೆ ನೇತಾಡುತ್ತದೆ. ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮಕ್ಕಳ ಆಧಾರ್ ಸಂಖ್ಯೆ, ಪಾಲಕರ ನಂಬರ್ ಇರುವ ಪಟ್ಟಿಯ ಫೋಟೊ ಬಂದು ಬೀಳುತ್ತದೆ, 'ತಪ್ಪಿದ್ದರೆ ತಿಳಿಸಿ' ಅನ್ನುವ ಟಿಪ್ಪಣಿಯೊಂದಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳು ಅನ್ನುತ್ತದೆ, ಅವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆಯನ್ನು ಯಾವ ಶಾಲೆಗೆ ಎಷ್ಟರಮಟ್ಟಿಗೆ ಅನ್ವಯಿಸಬೇಕು ಅನ್ನುವುದನ್ನು ವಕೀಲರು ನೋಡಿಕೊಳ್ಳಲಿ. ಮುಂದಿನ ಪಾಲಕರ ಸಭೆಯಲ್ಲಿ ಬಸ್ ಫೀಸಿನ ಚರ್ಚೆ ಮುಗಿದ ಮೇಲೆ ಎರಡು ಪ್ರಶ್ನೆಗಳನ್ನು ಕೇಳಿ ನೋಡಿ: ನಮ್ಮ ಮಗಳ ಫೋಟೊ ಹಾಕುವ ಮುಂಚೆ ನಮ್ಮನ್ನು ಯಾರಾದರೂ ಕೇಳುತ್ತಾರಾ? ಅವಳಿಗೆ ನಾಳೆ ಆನ್‌ಲೈನ್‌ನಲ್ಲಿ ಏನಾದರೂ ತೊಂದರೆಯಾದರೆ, ಬೈಯದೆ ಕೇಳಿಸಿಕೊಳ್ಳುವ ಟೀಚರ್ ಯಾರು, ಆ ಹೆಸರು ಅವಳಿಗೆ ಗೊತ್ತಿದೆಯಾ?